ಕಛೇರಿಯ ನೆನಪೋ, ಕ್ಯಾಸೆಟ್ಟಿನ ನೆನಪೋ?

ಸಂಗೀತದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಸಲ ಮಲೆನಾಡಿನ ಕಡೆಯಿಂದಲೇ ಹೆಚ್ಚು ಪತ್ರಗಳು ಬಂದಿವೆ. ದೊಡ್ಡ ಕಲಾವಿದರನ್ನು ಎದುರಿಗೆ ಕುಳಿತು ಕೇಳಿದವರ ನೆನಪಿನ ಕುರಿತಾದ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ದೊಡ್ಡಪ್ಪ ಮತ್ತು ಚಿಕ್ಕಪ್ಪ ಬಹಳ ವರ್ಷಗಳ ಹಿಂದೆ ಪಂಡಿತ್ ಭೀಮಸೇನ ಜೋಶಿಯವರ ಒಂದೇ ಕಛೇರಿಗೆ ಶಿವಮೊಗ್ಗಕ್ಕೆ ಹೋಗಿದ್ದವರು. ಅಂದು ಪೂರಿಯಾ ಧನಾಶ್ರೀ ಹಾಡಿದರೆಂದು ದೊಡ್ಡಪ್ಪ ಹೇಳಿದರೆ, ಮಾಲಕಂಸ ಹಾಡಿದರೆಂದು ಚಿಕ್ಕಪ್ಪ ಹಟ ಹಿಡಿಯುತ್ತಾರೆ. ಕೊನೆಯಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡಿದ ಬಗ್ಗೆ ಮಾತ್ರ ಇಬ್ಬರಿಗೂ ಸಂಶಯವಿಲ್ಲ. ಯಾರ ಮಾತನ್ನು ನಂಬಬೇಕು? – ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ರಾಗದ ವಿಷಯದಲ್ಲಿ ಇಬ್ಬರನ್ನೂ ನಂಬಬಹುದು, ನನಗೆ ಸಂಶಯವಿರುವುದು ಅವರಿಬ್ಬರೂ ಒಪ್ಪುವ ಮಾತಿನ ಬಗ್ಗೆ.

ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಕ್ಕೂ ಹೊತ್ತಿಗೂ ಸಂಬಂಧವಿರುವುದನ್ನು ನೀವು ಬಲ್ಲಿರಿ. ಪೂರಿಯಾ ಧನಾಶ್ರೀ ಸೂರ್ಯ ಮುಳುಗುವ ವೇಳೆಯ ರಾಗ, ಮಾಲಕಂಸ ರಾತ್ರಿ ಚೆನ್ನಾಗಿ ಬೆಳೆದ ಮೇಲಿನದು. ಜೋಶಿಯವರು ಇವೆರಡನ್ನೂ ಜೀವನವಿಡೀ ಹಾಡಿದವರು. ಸಂಜೆ ಆರಂಭವಾದ ಕಛೇರಿ ದೀರ್ಘವಾಗಿದ್ದರೆ ಮೊದಲಿಗೆ ಒಂದು, ವಿರಾಮದ ನಂತರ ಇನ್ನೊಂದು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಆದ್ದರಿಂದ ನಿಮ್ಮ ಹಿರಿಯರನ್ನು ರಾಗದ ಬಗ್ಗೆ ಕೇಳುವ ಬದಲು ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಯಾವಾಗ ಎದ್ದು ಹೋದರು ಎಂದು ವಿಚಾರಿಸಿ. ಮಲೆನಾಡಿನ ಕೇಳುಗರ ಮಟ್ಟಿಗೆ ಕಛೇರಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಗಾಯಕರಿಗಿಂತ ಹೆಚ್ಚಾಗಿ ಕೊನೆಯ ಬಸ್ಸು ನಿರ್ಧರಿಸುತ್ತಿತ್ತು. ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋಗುವ ಬಸ್ಸು ತಪ್ಪಬಾರದೆಂದು ವಿರಾಮದಲ್ಲೇ ಎದ್ದು ಹೋದವರಿಗೆ ಆ ಕಛೇರಿ ಪೂರಿಯಾ ಧನಾಶ್ರೀಯಲ್ಲೇ ಮುಗಿದಿರುತ್ತದೆ. ಪೇಟೆಯ ನೆಂಟರ ಮನೆಯಲ್ಲಿ ಉಳಿದವರಿಗೆ ಮಾತ್ರ ಮಾಲಕಂಸ ಸಿಕ್ಕಿರುತ್ತದೆ.

ಈಗ ದಾಸರ ಪದಕ್ಕೆ ಬರೋಣ. ಅದು ಕೊನೆಯಲ್ಲಿ ಬಂದಿದ್ದರೆ, ಬಸ್ಸು ಹಿಡಿಯಲು ಎದ್ದು ಹೋದವರು ಅದನ್ನು ಕೇಳಿರಲು ಸಾಧ್ಯವಿಲ್ಲವಲ್ಲ! ಜೋಶಿಯವರ ದಾಸರ ಪದಗಳ ಧ್ವನಿಸುರುಳಿಗಳು ನಮ್ಮ ಮನೆಗಳಲ್ಲಿ, ದೇವಸ್ಥಾನಗಳಲ್ಲಿ, ಮದುವೆ ಚಪ್ಪರಗಳಲ್ಲಿ ವರ್ಷಗಟ್ಟಲೆ ಮೊಳಗಿವೆ. ನೂರಾರು ಸಲ ಕೇಳಿದ ಪದವೊಂದು ಒಮ್ಮೆ ಕೇಳಿದ ಕಛೇರಿಯೊಳಗೆ ತಾನಾಗಿಯೇ ಬಂದು ಸೇರಿಕೊಳ್ಳುವುದುಂಟು. ಅದನ್ನು ನೆನಪಿಸಿಕೊಳ್ಳುವವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಕೇಳಿದೆನೆಂದೇ ನಂಬಿರುತ್ತಾರೆ. ಜೋಶಿಯವರು ಅಂದು ಆ ಪದವನ್ನು ಹಾಡಿಯೂ ಇರಬಹುದು, ಕನ್ನಡ ನಾಡಿನ ಕಛೇರಿಗಳಲ್ಲಿ ಜನ ಅದನ್ನು ಬೇಡಿ ಹಾಡಿಸುತ್ತಿದ್ದರು. ಆದರೆ ಧ್ವನಿಸುರುಳಿಯಿಂದ ತಿಳಿಯಬಹುದಾದ ಸಂಗತಿಯನ್ನು ಇಬ್ಬರೂ ಒಪ್ಪಿದರೆಂಬ ಒಂದೇ ಕಾರಣಕ್ಕೆ ಅದನ್ನು ಸಾಕ್ಷಿಯೆಂದು ಭಾವಿಸಬೇಡಿ.

ಧ್ವನಿಸುರುಳಿ ಹೇಳಿಕೊಡಲಾರದ ಸಂಗತಿಗಳನ್ನು ಕೇಳಿ. ತಬಲಾಕ್ಕೆ ಯಾರು ಕುಳಿತಿದ್ದರು, ಹಾರ್ಮೋನಿಯಂ ಯಾವ ಬದಿಯಲ್ಲಿತ್ತು, ತಂಬೂರಿಗಳನ್ನು ಶ್ರುತಿ ಮಾಡುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ಆ ಹೊತ್ತಿನಲ್ಲಿ ಜನ ಸುಮ್ಮನಿದ್ದರೋ ಗುಸುಗುಸು ಮಾತಾಡುತ್ತಿದ್ದರೋ, ವೇಗದ ಸ್ವರಗಳ ತಾನ್ ಏರುವಾಗ ಗಾಯಕರ ಕೈ ಎತ್ತ ಸಾಗುತ್ತಿತ್ತು, ಹಾಡಿಕೆಯ ನಡುವೆ ತಬಲಾದವರತ್ತ ತಿರುಗಿ ಏನಾದರೂ ಹೇಳಿದರೇ – ಇಂಥವುಗಳಿಗೆ ಬರುವ ಉತ್ತರ ಚಿಕ್ಕದಾಗಿದ್ದರೂ ಅದು ಕಛೇರಿಯಿಂದಲೇ ಬಂದಿರುತ್ತದೆ. ‘ಹೇಗಿತ್ತು?’ ಎಂದು ಮಾತ್ರ ಕೇಳಬೇಡಿ. ‘ಅದ್ಭುತವಾಗಿತ್ತು’ ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಮನ್ಸೂರ, ಗಂಗೂಬಾಯಿ, ಭೀಮಸೇನ ಜೋಶಿ ಎಲ್ಲರನ್ನೂ ಮೊಬೈಲಿನಲ್ಲಿ ಕೇಳಿದ್ದೇನೆ, ಕೆಲವು ಧ್ವನಿಮುದ್ರಣಗಳನ್ನು ಹತ್ತಾರು ಸಲ ಕೇಳಿದ್ದೇನೆ. ಒಮ್ಮೆ ಮಾತ್ರ ಎದುರಿಗೆ ಕೇಳಿದ ಹಿರಿಯರು ‘ನೀನು ಕೇಳಿದ್ದು ಕೇಳಿದ್ದೇ ಅಲ್ಲ’ ಎನ್ನುತ್ತಾರೆ. ಇದು ಅಹಂಕಾರವಲ್ಲವೇ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ವಲ್ಪ ಅಹಂಕಾರವೇ. ಧ್ವನಿಮುದ್ರಣವನ್ನು ಹಗುರವಾಗಿ ಕಾಣುವವರಿಗೆ ಭೀಮಸೇನ ಜೋಶಿಯವರ ಬಾಲ್ಯವನ್ನೇ ನೆನಪಿಸಬಹುದು. ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿಯೊಂದರ ಗ್ರಾಮಫೋನ್ ತಟ್ಟೆಯನ್ನು ಅಂಗಡಿಯಲ್ಲಿ ಕೇಳಿದ ಹುಡುಗ, ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕುತ್ತ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೋದದ್ದು ಎಲ್ಲರಿಗೂ ತಿಳಿದ ಕಥೆ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸಿನ ಸಂಗೀತ ಮಾತ್ರ. ಗ್ವಾಲಿಯರ್, ಜಲಂಧರಗಳನ್ನು ಸುತ್ತಿ ಬಂದ ಆ ಹುಡುಗ ಕೊನೆಗೆ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು. ಅವರು ಅದೇ ಖಾನರ ಶಿಷ್ಯರು. ಮೂರು ನಿಮಿಷದ ತಟ್ಟೆ ಇಷ್ಟು ಕೆಲಸ ಮಾಡಬಲ್ಲುದಾದರೆ ನಿಮ್ಮ ಮೊಬೈಲನ್ನು ಹೀಯಾಳಿಸುವುದು ನ್ಯಾಯವಲ್ಲ.

ಆದರೆ ಆ ಹುಡುಗ ತಟ್ಟೆಯನ್ನು ಮತ್ತೆ ಮತ್ತೆ ಕೇಳುತ್ತ ಊರಲ್ಲೇ ಕುಳಿತಿರಲಿಲ್ಲ ಎಂಬುದನ್ನೂ ಗಮನಿಸಿ. ಎದುರಿಗೆ ಕೇಳಿದವರ ಬಳಿ ನಿಮ್ಮಲ್ಲಿಲ್ಲದ್ದು ಏನಿರಬಹುದು ಎಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ದನಿಯೇ ಉದಾಹರಣೆ. 1930ರ ದಶಕದ ಅವರ ತಟ್ಟೆಗಳಲ್ಲಿ ಕೇಳುವುದು ಎಳೆಯ, ಎತ್ತರದ ಹೆಣ್ಣುದನಿ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಆ ದನಿ ಇಳಿದು, ದಪ್ಪವಾಗಿ, ನಾವೆಲ್ಲ ಬಲ್ಲ ಗಂಭೀರ ಕಂಠವಾಯಿತು. ಈ ಎರಡನ್ನೂ ನೀವು ಒಂದೇ ಸಂಜೆ, ಒಂದರ ಹಿಂದೆ ಒಂದರಂತೆ ಕೇಳಬಲ್ಲಿರಿ. ಅದು ಹಿರಿಯರಿಗಿಲ್ಲದ ಭಾಗ್ಯ. ಆದರೆ ಆ ಇಳಿದನಿ ಮೈಕಿನಿಂದ ದೂರ ಕುಳಿತವನ ಎದೆಗೆ ಹೇಗೆ ತಾಗುತ್ತಿತ್ತು, ತಾಯಿಯ ಬೆನ್ನಿಗೆ ಕುಳಿತು ಹಾಡುತ್ತಿದ್ದ ಮಗಳು ಕೃಷ್ಣಾ ಅವರ ಕಂಠ ಅದರ ಮೇಲೆ ಎಲ್ಲಿ ಬಂದು ಕೂಡುತ್ತಿತ್ತು ಎಂಬುದು ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರದಲ್ಲಿ ತಿಳಿಯುವುದಿಲ್ಲ. ಯಂತ್ರದಲ್ಲಿ ಎಲ್ಲ ಕಂಠಗಳೂ ಒಂದೇ ದೂರದಲ್ಲಿರುತ್ತವೆ.

ಇನ್ನೂ ಹಿಂದಕ್ಕೆ ಹೋದರೆ ಮೈಕೇ ಇಲ್ಲದ ದಿನಗಳು. ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡದ್ದು ನಾದ ಹಿಂದಿನ ಸಾಲಿನವರೆಗೂ ತಲುಪಲೆಂದು. ಅವರು 1967ರಲ್ಲಿ ತೀರಿಕೊಂಡರು. ಅವರನ್ನು ಎದುರಿಗೆ ಕೇಳಿ ಬುದ್ಧಿ ತಿಳಿದು ನೆನಪಿಟ್ಟುಕೊಂಡವರು ಇಂದು ಎಷ್ಟು ಹಿರಿಯರಾಗಿರಬೇಕೆಂದು ನೀವೇ ಲೆಕ್ಕ ಹಾಕಿ. ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಅವರ ಅಹಂಕಾರವನ್ನು ಸಹಿಸಿಕೊಂಡು ಅವರ ಜಗಲಿಯಲ್ಲಿ ಕುಳಿತುಕೊಳ್ಳುವುದು ಜಾಣತನ.

ಪ್ರಶ್ನೆ: ‘ಈಗ ಅಂಥವರು ಯಾರಿದ್ದಾರೆ?’ ಎಂದು ನಮ್ಮ ಸಂಗೀತ ಬಳಗದ ಹಿರಿಯರು ಪ್ರತಿ ಕಛೇರಿಯ ನಂತರವೂ ಹೇಳುತ್ತಾರೆ. ಇದಕ್ಕೆ ತಮ್ಮ ಅಭಿಪ್ರಾಯವೇನು? – ಓದುಗರೊಬ್ಬರು, ಸಾಗರ

ಉತ್ತರ: ಈ ಮಾತನ್ನು ಹೇಳುವವರು ಒಂದನ್ನು ಮರೆಯುತ್ತಾರೆ. ಅವರು ತಮ್ಮ ಯೌವನದಲ್ಲಿ ಕಛೇರಿಗೆ ಹೋದಾಗ ದಂತಕಥೆಯನ್ನು ನೋಡುವುದಕ್ಕೆಂದು ಹೋಗಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ; ಪದ್ಮಭೂಷಣ 1976ರಲ್ಲಿ; ಪದ್ಮವಿಭೂಷಣ ಬಂದದ್ದು ಅವರು ತೀರಿಕೊಂಡ ವರ್ಷವಾದ 1992ರಲ್ಲಿ. ಅದಕ್ಕೂ ಬಹಳ ಮೊದಲೇ ಅವರು ಜೈಪುರ–ಅತ್ರೌಲಿ ಘರಾಣೆಯ, ಎಂದರೆ ಆ ಗಾಯನ ಪರಂಪರೆಯ, ಅಪರೂಪದ ರಾಗಗಳನ್ನು, ಶಿವಮತ ಭೈರವವನ್ನೋ ಬಹಾದುರಿ ತೋಡಿಯನ್ನೋ, ಯಾವ ಪೀಠಿಕೆಯೂ ಇಲ್ಲದೆ ಎತ್ತಿಕೊಂಡು ಹಾಡುತ್ತಿದ್ದರು. ಆಗ ಅವರ ಮುಂದೆ ಕುಳಿತವರಿಗೆ ಅವರು ಧಾರವಾಡದ ಒಬ್ಬ ಒಳ್ಳೆಯ ಗವಾಯಿ, ಅಷ್ಟೆ. ಆ ಬಿರುದು, ಆ ಪ್ರಭಾವಳಿ ಎಲ್ಲ ನಂತರ ಬಂದು ಹಳೆಯ ನೆನಪಿನ ಮೇಲೆ ಕುಳಿತಿವೆ. ಜೊತೆಗೆ, ಅದೇ ವರ್ಷಗಳಲ್ಲಿ ಕೇಳಿದ ಸಾಧಾರಣ ಕಛೇರಿಗಳನ್ನು ನಮ್ಮ ಹಿರಿಯರು ಎಂದೋ ಮರೆತುಬಿಟ್ಟಿದ್ದಾರೆ. ಇಂದಿನ ಸಾಧಾರಣ ಕಛೇರಿ ಮಾತ್ರ ನಿನ್ನೆ ಸಂಜೆಯದಾದ್ದರಿಂದ ಇನ್ನೂ ಕಿವಿಯಲ್ಲಿದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಲ್ಲಿ ಕಲಿತು, ಧಾರವಾಡದಲ್ಲಿ ದೀರ್ಘಕಾಲ ಸಂಗೀತ ಪಾಠ ಹೇಳಿದ ಪಂಡಿತ್ ಎಂ. ವೆಂಕಟೇಶ ಕುಮಾರರಿಗೆ ಪದ್ಮಶ್ರೀ ಬಂದದ್ದು 2016ರಲ್ಲಿ. ದೇಶದ ದೊಡ್ಡ ವೇದಿಕೆಗಳು ಅವರನ್ನು ಬಹಳ ತಡವಾಗಿ ಕರೆದವು ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮೊದಲು ಅವರನ್ನು ನಮ್ಮ ಊರುಗಳ ಸಣ್ಣ ಸಭಾಂಗಣಗಳಲ್ಲಿ ಕೇಳಿದವರು ಮುಂದೊಂದು ದಿನ ‘ಈಗ ಅಂಥವರು ಯಾರಿದ್ದಾರೆ?’ ಎಂದೇ ಕೇಳುತ್ತಾರೆ. ನಿಮ್ಮ ಬಳಗದ ಹಿರಿಯರನ್ನು ಮುಂದಿನ ಕಛೇರಿಗೂ ಕರೆದುಕೊಂಡು ಹೋಗಿ, ಆದರೆ ಮುಂದಿನ ಸಾಲಿನಲ್ಲಿ ಕೂರಿಸಿ. ಹಿಂದೆ ಕುಳಿತವರೇ ಹೆಚ್ಚು ಗೊಣಗುವುದು.

ಪ್ರಶ್ನೆ: ನನ್ನ ತಂದೆಗೆ ಶಾಸ್ತ್ರೀಯ ಸಂಗೀತದ ಗಂಧವಿಲ್ಲ. ಅವರು ಜೀವನದಲ್ಲಿ ಮರೆಯದ ಗಾಯಕರೆಂದರೆ ಯಕ್ಷಗಾನದ ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು. ಇಂಥ ನೆನಪನ್ನು ಸಂಗೀತದ ನೆನಪೆಂದು ಪರಿಗಣಿಸಬಹುದೇ? – ಓದುಗರೊಬ್ಬರು, ಹೊಸನಗರ

ಉತ್ತರ: ಪರಿಗಣಿಸದೆ ಮತ್ತೇನು? ಈ ಪ್ರಶ್ನೆಯಲ್ಲಿರುವ ಸಂಕೋಚವೇ ನನಗೆ ಇಷ್ಟವಾಗಲಿಲ್ಲ. ಹೊಸನಗರ, ಸಾಗರ, ತೀರ್ಥಹಳ್ಳಿ, ಶೃಂಗೇರಿ ಕಡೆಯ ಸಾವಿರಾರು ಜನರಿಗೆ ರಾಗವೆಂಬುದು ಮೊದಲು ಕಿವಿಗೆ ಬಿದ್ದದ್ದು ಸಭಾಂಗಣದಲ್ಲಲ್ಲ, ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ಎದ್ದ ಡೇರೆಯೊಳಗೆ.

ಯಕ್ಷಗಾನದ ನೆನಪಿಗೆ ಒಂದು ವಿಶೇಷವೂ ಇದೆ. ಭಾಗವತರು ತಮ್ಮಷ್ಟಕ್ಕೆ ಹಾಡುವುದಿಲ್ಲ. ಮುಂದೆ ಕುಣಿಯುತ್ತಿರುವ ವೇಷವನ್ನು ನೋಡುತ್ತ ಹಾಡುತ್ತಾರೆ. ವೇಷಧಾರಿ ಒಂದು ಭಾವವನ್ನು ಇನ್ನೂ ಬೆಳೆಸಲು ಬಯಸಿದರೆ ಪದ್ಯದ ಅದೇ ಸಾಲನ್ನು ತಿರುತಿರುಗಿ ಎತ್ತಿಕೊಡುತ್ತಾರೆ, ಸಾಕೆನಿಸಿದರೆ ಚೆಂಡೆಯವರಿಗೆ ಸನ್ನೆ ಮಾಡಿ ಮುಂದಕ್ಕೆ ನಡೆಸುತ್ತಾರೆ. ಇಡೀ ರಾತ್ರಿಯ ಆಟವನ್ನು ನಡೆಸುವ ಸೂತ್ರಧಾರರೇ ಅವರು. ನಾವಡರು 1990ರ ಮೇ ತಿಂಗಳಿನಲ್ಲಿ, ಇನ್ನೂ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ರಸ್ತೆ ಅಪಘಾತಕ್ಕೆ ಬಲಿಯಾದ ಮೇಲೆ ಅವರ ಪದ್ಯಗಳ ಕ್ಯಾಸೆಟ್ಟುಗಳು ಕರಾವಳಿ ಮತ್ತು ಮಲೆನಾಡಿನ ಮನೆಮನೆಯಲ್ಲಿ ತಿರುಗಿದವು. ಆ ಕ್ಯಾಸೆಟ್ಟುಗಳಲ್ಲಿ ಕಂಠವಿದೆ, ಮದ್ದಲೆಯಿದೆ, ಚೆಂಡೆಯ ಪೆಟ್ಟೂ ಇದೆ. ಅದೇ ಸಾಲು ಮೂರನೆಯ ಸಲ ಏಕೆ ಬಂತು ಎಂಬುದು ಮಾತ್ರ ಇಲ್ಲ. ಅದನ್ನು ಬಲ್ಲವರು ನಿಮ್ಮ ತಂದೆ. ಆಗ ರಂಗದ ಮೇಲೆ ಯಾವ ವೇಷವಿತ್ತು, ಅದು ಏನು ಮಾಡುತ್ತಿತ್ತು ಎಂದು ಅವರನ್ನು ಕೇಳಿ. ‘ನಾಗಶ್ರೀ’ಯಂಥ ಹೊಸ ಪ್ರಸಂಗಗಳನ್ನೂ ನಾವಡರು ಬರೆದವರು, ಅವುಗಳ ಆರಂಭದ ದಿನಗಳ ಪ್ರದರ್ಶನವನ್ನು ನಿಮ್ಮ ತಂದೆ ನೋಡಿದ್ದರೆ, ಡೇರೆ ತುಂಬುವುದಕ್ಕೆ ಟಿಕೆಟ್ಟಿನ ಸಾಲು ಎಲ್ಲಿಯವರೆಗೆ ನಿಂತಿತ್ತು, ಪೌರಾಣಿಕ ಪ್ರಸಂಗವೇ ಬೇಕೆಂದು ಹಟ ಹಿಡಿದವರು ಏನು ಹೇಳಿದರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಅದರ ಬಗ್ಗೆ ಅಂದು ನಡೆದ ಜಗಳಗಳು ಕ್ಯಾಸೆಟ್ಟಿಗೆ ಏರಲಿಲ್ಲ.

ಪ್ರಶ್ನೆ: ಶಿವಮೊಗ್ಗ ಸುಬ್ಬಣ್ಣನವರನ್ನು ವೇದಿಕೆಯಲ್ಲಿ ಕೇಳಿದ ಯಾರೇ ಆಗಲಿ ‘ಕಾಡು ಕುದುರೆ’ಯ ಮಾತನ್ನೇ ಆಡುತ್ತಾರೆ. ಅವರು ಬೇರೆ ಏನನ್ನೂ ಹಾಡಲಿಲ್ಲವೇ? – ಓದುಗರೊಬ್ಬರು, ಭದ್ರಾವತಿ

ಉತ್ತರ: ಬೇಕಾದಷ್ಟು ಹಾಡಿದರು, ಜನ ಬಿಡಲಿಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿ, ವಕೀಲಿ ವೃತ್ತಿ ಮಾಡುತ್ತಲೇ ಹಾಡಿದ ಸುಬ್ಬಣ್ಣನವರು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಆ ಹಾಡಿಗಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. ಆ ಬಳಿಕ ಅದನ್ನು ಹಾಡದೆ ವೇದಿಕೆಯಿಂದ ಇಳಿಯಲು ಅವರಿಗೆ ಸಾಧ್ಯವಿರಲಿಲ್ಲ. ಕುವೆಂಪು, ಬೇಂದ್ರೆಯವರ ಕವಿತೆಗಳನ್ನು ಅವರು ಹಾಡಿದ ಬಗೆಯನ್ನು ನೆನಪಿಟ್ಟುಕೊಂಡವರು ನಿಮ್ಮ ಊರಿನಲ್ಲಿ ಖಂಡಿತ ಇದ್ದಾರೆ, ಆದರೆ ‘ಕುದುರೆ ಬಿಟ್ಟು ಮತ್ತೇನು ಕೇಳಿದಿರಿ?’ ಎಂದು ಒತ್ತಿ ಕೇಳಬೇಕು. 2022ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಈ ನೆನಪುಗಳಿನ್ನೂ ಹಸಿಯಾಗಿವೆ, ಕೇಳುವುದಕ್ಕೆ ಇದೇ ತಕ್ಕ ಸಮಯ.

ಸುಗಮ ಸಂಗೀತದಲ್ಲಿ ಕ್ಯಾಸೆಟ್ಟಿಗೂ ಕಛೇರಿಗೂ ಗಡಿ ಹಾಕುವುದು ಇನ್ನೂ ಕಷ್ಟ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ, ಜನ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡೇ ಕಾರ್ಯಕ್ರಮಕ್ಕೆ ಬರತೊಡಗಿದರು. ಸಿ. ಅಶ್ವತ್ಥರ ಕಾರ್ಯಕ್ರಮಗಳಲ್ಲಂತೂ ಸಭೆಯೇ ಅರ್ಧ ಹಾಡುತ್ತಿತ್ತು. ಅಲ್ಲಿ ನೀವು ಕೇಳಿದ್ದು ಗಾಯಕರನ್ನೋ ಪಕ್ಕದವರನ್ನೋ ಎಂಬುದು ಬಗೆಹರಿಯದ ಪ್ರಶ್ನೆ.

ಪ್ರಶ್ನೆ: ಕಛೇರಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಸರಿಯೇ? – ಓದುಗರೊಬ್ಬರು, ಶಿಕಾರಿಪುರ

ಉತ್ತರ: ಕಲಾವಿದರ ಮತ್ತು ಸಂಘಟಕರ ಒಪ್ಪಿಗೆಯಿಲ್ಲದೆ ಬೇಡ. ಒಪ್ಪಿಗೆಯಿದ್ದರೂ ಹಿಂದಿನವರ ಕಣ್ಣಿಗೆ ಅಡ್ಡವಾಗಿ ಕೈ ಎತ್ತಿ ಹಿಡಿಯುವುದು ಬೇಡ. ಮನೆಗೆ ಬಂದ ಮೇಲೆ ಒಂದು ಪುಟ ಬರೆದಿಡಿ.

ಪ್ರಶ್ನೆ: ನಮ್ಮ ಮಾವನವರು ಸ್ಥಳೀಯ ಸಂಗೀತ ಸಭೆಯ ಕಛೇರಿಗಳನ್ನು, ಸಂಬಂಧಪಟ್ಟವರ ಅನುಮತಿ ಪಡೆದು, ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ಅವರು ಹೋದ ಮೇಲೆ ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಕೆಲವು ಚೆನ್ನಾಗಿಯೇ ಇವೆ, ಆದರೆ ಹಾಡು ನಡುವೆ ಕಡಿದುಹೋಗುತ್ತದೆ, ಶ್ರುತಿಯೂ ಏಕೋ ಹೆಚ್ಚಾಗಿ ಕೇಳುತ್ತದೆ. ಉಳಿಸಿಕೊಳ್ಳುವುದು ಹೇಗೆ? – ಓದುಗರೊಬ್ಬರು, ಆಗುಂಬೆ ಸಮೀಪ

ಉತ್ತರ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಬಳಿ ಕ್ಯಾಸೆಟ್ಟು ಇಷ್ಟು ಕಾಲ ಉಳಿದಿರುವುದೇ ದೊಡ್ಡದು. ಬೂಷ್ಟು ಹಿಡಿದವನ್ನು ಯಾವ ಕಾರಣಕ್ಕೂ ಈಗಲೇ ಯಂತ್ರಕ್ಕೆ ಹಾಕಬೇಡಿ. ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿಕೊಂಡು, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅವುಗಳನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಿಸಿಲಿಗೆ ಹಾಕುವುದಾಗಲಿ ಬಚ್ಚಲೊಲೆಯ ಬಳಿ ಒಣಗಿಸುವುದಾಗಲಿ ಕೂಡದು, ಶಾಖಕ್ಕೆ ಟೇಪು ಸೊಟ್ಟಗಾಗುತ್ತದೆ. ಒಣಗಿದ ನಂತರ ಶುಚಿ ಮಾಡುವ ಕೆಲಸವನ್ನು ಅದನ್ನು ಬಲ್ಲ ತಂತ್ರಜ್ಞರಿಗೇ ಕೊಡಿ.

ಹಾಡು ಕಡಿದುಹೋಗುವುದು ಟೇಪಿನ ದೋಷವಾಗಿರಲಾರದು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಯುವುದು 45 ನಿಮಿಷ. ನಿಧಾನವಾಗಿ ಬೆಳೆಯುವ ವಿಲಂಬಿತ ಖ್ಯಾಲೋ ದೀರ್ಘವಾದ ರಾಗ–ತಾನ–ಪಲ್ಲವಿಯೋ ಅದಕ್ಕೆ ಕಾಯುವುದಿಲ್ಲ. ನಿಮ್ಮ ಮಾವನವರು ಕತ್ತಲಲ್ಲಿ ಕ್ಯಾಸೆಟ್ಟನ್ನು ಹೊರತೆಗೆದು ಮಗ್ಗುಲು ಬದಲಿಸುತ್ತಿದ್ದಾಗ ನಡೆದ ಸಂಗೀತವೇ ಆ ಕಡಿತ. ಶ್ರುತಿ ಏರಿದಂತೆ ಕೇಳುವುದಕ್ಕೆ ಬಹುಶಃ ಬ್ಯಾಟರಿ ಕಾರಣ. ಬ್ಯಾಟರಿ ಇಳಿದಾಗ ಟೇಪು ನಿಧಾನವಾಗಿ ಓಡುತ್ತದೆ; ಹಾಗೆ ಮುದ್ರಣಗೊಂಡದ್ದನ್ನು ಮುಂದೆ ಸರಿಯಾದ ವೇಗದಲ್ಲಿ ನುಡಿಸಿದರೆ ಕಂಠ ಎತ್ತರಕ್ಕೆ ಹೋಗುತ್ತದೆ, ಲಯವೂ ಚುರುಕಾಗುತ್ತದೆ. ಕಂಪ್ಯೂಟರಿಗೆ ಇಳಿಸಿದ ನಂತರ ಇದನ್ನು ತಿದ್ದಬಹುದು. ತಿದ್ದುವ ಮುನ್ನ ಆ ಕಛೇರಿ ಕೇಳಿದವರು ಯಾರಾದರೂ ಇದ್ದರೆ ಕರೆಸಿ ಕೇಳಿಸಿ.

ಇಳಿಸುವ ಮೊದಲು ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ; ಅನಂತರ ಯಾರಾದರೂ ತಪ್ಪು ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಮೂಲ ಪ್ರತಿಯನ್ನು ಎಂಪಿತ್ರೀ ಮಾಡದೆ ಕುಗ್ಗಿಸದ ವೇವ್ ಕಡತವಾಗಿಯೇ ಇಟ್ಟುಕೊಳ್ಳಿ. ಜಾಲತಾಣಕ್ಕೆ ಏರಿಸುವ ಆಸೆಯಿದ್ದರೆ ತಾಳ್ಮೆಯಿರಲಿ. ಮುದ್ರಿಸಿಕೊಳ್ಳುವುದಕ್ಕೆ ಅಂದು ಸಿಕ್ಕ ಅನುಮತಿ ಹಂಚುವುದಕ್ಕೆ ಸಿಕ್ಕ ಅನುಮತಿಯಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲಿನ ಹಕ್ಕು, ಅದು ನಡೆದ ಮುಂದಿನ ವರ್ಷದ ಆರಂಭದಿಂದ 50 ವರ್ಷ ಇರುತ್ತದೆ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ ಮುಂದುವರಿಯಿರಿ. ಅವರಿಗೊಂದು ಪ್ರತಿಯನ್ನೂ ಕಳುಹಿಸಿ; ಎಷ್ಟೋ ಸಲ ಅವರ ಬಳಿಯೇ ಅದು ಇರುವುದಿಲ್ಲ.

ಕ್ಯಾಸೆಟ್ಟಿನ ಪೆಟ್ಟಿಗೆಯ ಮೇಲೆ ನಿಮ್ಮ ಮಾವನವರು ಗಾಯಕರ ಹೆಸರನ್ನು ಮಾತ್ರ ಬರೆದಿದ್ದರೆ, ಪಕ್ಕವಾದ್ಯದವರ ಮತ್ತು ತಂಬೂರಿಗೆ ಕುಳಿತವರ ಹೆಸರುಗಳನ್ನು ಸಭೆಯ ಹಳೆಯ ಸದಸ್ಯರಿಂದ ಈ ಮಳೆಗಾಲದೊಳಗೆ ಕೇಳಿ ಬರೆಸಿಕೊಳ್ಳಿ.